ಬಾಣಂತಿ ಕೋಣೆಯ ಕೆಂಡ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯೊಳಗೆ ಕೂತು ಮಾತಾಡಿದರೂ ಬಾಯಿಂದ ಹಬೆ ಬರುತ್ತಿತ್ತು. ನಗಬೇಡಿ ಮಕ್ಕಳೇ, ನಿಜ. ಆಗ ಈ ಶತಮಾನಕ್ಕೆ ಹದಿಮೂರೋ ಹದಿನಾಲ್ಕೋ ವಯಸ್ಸು, ನನಗೆ ಎಂಟು. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ರೈಲು ಹಳಿಯ ಹಿಂದೆ, ಒಂದಕ್ಕೊಂದು ಅಂಟಿಕೊಂಡ ಹಳೇ ಇಟ್ಟಿಗೆ ಮನೆಗಳ ಸಾಲಿನಲ್ಲಿ ನಮ್ಮದೊಂದು ಬಾಡಿಗೆ ಮನೆ. ಕಿಟಕಿಗಳಿಗೆ ಒಂದೇ ಪದರದ ಗಾಜು. ಬೀರುವಿನ ಹಿಂದೆ ಗೋಡೆಯ ಮೇಲೆ ಕಪ್ಪು ಬೂಸ್ಟು. ಅಮ್ಮ ಅದನ್ನು ಬ್ಲೀಚ್ ಹಾಕಿ ಉಜ್ಜಿದರೆ ಹದಿನೈದು ದಿನಕ್ಕೆ ಮತ್ತೆ ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಮೂಡುತ್ತಿತ್ತು.

ಆ ಚಳಿಗಾಲದಲ್ಲಿ ನನ್ನ ತಮ್ಮ ಹುಟ್ಟಿದ. ಬಾಣಂತನ ಮಾಡಲು ಅಮ್ಮನ ಅಮ್ಮ, ನಮ್ಮ ಅಜ್ಜಿ, ಧಾರವಾಡದ ಕಡೆಯಿಂದ ಬಂದಳು. ಸೀರೆಯ ಮೇಲೆ ಅಪ್ಪನ ಕೋಟು, ಕಾಲಿಗೆ ಎರಡು ಜೊತೆ ಸಾಕ್ಸು. ಬಂದ ಮೊದಲ ದಿನವೇ ಗೋಡೆ ಮುಟ್ಟಿ ನೋಡಿ, "ಎಂಥಾ ಮನಿ ಹಿಡಿದೀರಿ ಅಳಿಯಂದ್ರ? ಗ್ವಾಡಿಗೆ ಬೆವರು ಬರತೈತಿ, ಮನಶ್ಯಾರಿಗೆ ಬರಂಗಿಲ್ಲ!" ಅಂದಳು. ಅಪ್ಪ ನಕ್ಕರು. ಆದರೆ ಅದಾದ ಮೂರನೇ ದಿನಕ್ಕೆ, ನೀರು ಕಾಯಿಸಿ ಮನೆಯ ರೇಡಿಯೇಟರುಗಳಿಗೆಲ್ಲ ಕಳಿಸುತ್ತಿದ್ದ ಬಾಯ್ಲರ್ ಗುರ್ರೆಂದು ನಿಂತೇಹೋಯಿತು. ಆಮೇಲೆ ಯಾರೂ ನಗಲಿಲ್ಲ.

ಮನೆ ಮಾಲೀಕ ಪ್ರತಿ ಫೋನಿಗೂ ಮುಂದಿನ ವಾರ ಅನ್ನುತ್ತಿದ್ದ. ಕರೆಂಟಿನ ಸಣ್ಣ ಹೀಟರ್ ಒಂದಿತ್ತು. ಅದು ಕರೆಂಟು ನುಂಗುತ್ತದೆಂದು ಕೂಸಿಗೆ ನೀರು ಹಾಕುವಾಗ ಮಾತ್ರ ಹಚ್ಚುತ್ತಿದ್ದರು. ಅಮ್ಮನಿಗೆ ಕೆಮ್ಮು ಹತ್ತಿತು. ಹತ್ತು ದಿನದ ತಮ್ಮನ ಉಗುರು ತಿಳಿನೀಲಿಯಾಗಿ ಕಾಣುತ್ತಿತ್ತು. ಅಜ್ಜಿ ಅವನ ಪಾದಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂರುತ್ತಿದ್ದಳು, ಕೈಬಿಟ್ಟರೆ ಹಾರಿಹೋಗುವ ಹಕ್ಕಿಗಳು ಅವು ಎಂಬಂತೆ.

ಅವತ್ತು ಶನಿವಾರ. ಅಪ್ಪ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದರು, ಬೆಳಗಿನ ಶಿಫ್ಟಿಗೆ ಹೋಗಿದ್ದರು. ಅಜ್ಜಿ ಹಿತ್ತಲಿನ ಶೆಡ್ಡಿನಲ್ಲಿ, ಹಿಂದೆ ಇದ್ದವರು ಬಿಟ್ಟುಹೋದ ಒಂದು ಚೀಲ ಇದ್ದಿಲು ಕಂಡುಬಿಟ್ಟಳು. ಅವಳ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಊರಲ್ಲಿ ಬಾಣಂತಿಗೆ ಎಣ್ಣೆ ನೀರು ಹಾಕಿದ ಮೇಲೆ ಮಂಚದ ಕೆಳಗೆ ಕೆಂಡದ ಶೆಗಡಿ ಇಡುತ್ತಾರೆ. ಕೆಂಡಕ್ಕೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ತಾಯಿ ಮಗು ಇಬ್ಬರ ಮೈ ಕಾಸುತ್ತಾರೆ. ಅಜ್ಜಿ ನಾಲ್ಕು ಮಕ್ಕಳನ್ನು ಹೀಗೇ ಸಾಕಿದ್ದಳು. ಆದರೆ ಆ ಮನೆಗಳಿಗೆ ಹೆಂಚಿನ ಸಂದಿಯಿತ್ತು, ಬಾಗಿಲ ಕೆಳಗೆ ಬೆಕ್ಕು ನುಸುಳುವಷ್ಟು ಜಾಗವಿತ್ತು.

ಅಜ್ಜಿ ದಪ್ಪ ಕಬ್ಬಿಣದ ಬಾಣಲೆಯಲ್ಲಿ ಕೆಂಡ ಮಾಡಿಕೊಂಡು ಮಹಡಿಯ ಮೇಲಿನ ಕೋಣೆಗೆ ತಂದಳು. ನಾನು ಅವಳ ಬಲಗೈ. ಕಿಟಕಿಯ ಸಂದಿಗೆಲ್ಲ ಕಂದು ಬಣ್ಣದ ಟೇಪು ಅಂಟಿಸಿದೆ. ಬಾಗಿಲ ಬುಡಕ್ಕೆ ಒದ್ದೆ ಟವೆಲು ತುರುಕಿದೆ. ಗೋಡೆಯ ಮೇಲ್ಗಡೆ ಗಾಳಿ ಬರಲೆಂದು ಒಂದು ಜಾಲರಿ ಇತ್ತು, ಅದರಿಂದ ಸುಯ್ಯೆಂದು ಚಳಿ ಬರುತ್ತಿತ್ತು. ಅದು ಅಜ್ಜಿಗೆ ಕಂಡಿರಲಿಲ್ಲ. ನಾನೇ ಕುರ್ಚಿ ಹತ್ತಿ, ಅಪ್ಪನ ಸಾಕ್ಸುಗಳನ್ನು ಒಂದೊಂದಾಗಿ ಅದರೊಳಗೆ ತುಂಬಿದೆ. "ಶಾಣ್ಯಾಕಿ ನನ್ನ ಬಂಗಾರ!" ಎಂದು ಅಜ್ಜಿ ನನ್ನ ಕೆನ್ನೆ ನೀವಿದಳು.

ಕೋಣೆ ಬೆಚ್ಚಗಾಯಿತು. ಎಷ್ಟೋ ದಿನಗಳ ಮೇಲೆ ಅಮ್ಮ, ತಮ್ಮನನ್ನು ಮಗ್ಗುಲಿಗೆ ಹಾಕಿಕೊಂಡು, ಕೆಮ್ಮದೆ ಮಲಗಿದಳು. ಕೆನ್ನೆ ಕೆಂಪಗಾದವು. "ನೋಡು, ನಿಮ್ಮವ್ವನ ಮಾರಿಗೆ ಎಂಥಾ ಕಳಿ ಬಂತು" ಎಂದು ಅಜ್ಜಿ ಹಿಗ್ಗಿ, ಇನ್ನಷ್ಟು ಕೆಂಡ ತರಲು ಕೆಳಗಿಳಿದಳು. ನನಗೆ ಮಾತ್ರ ತಲೆ ಸಿಡಿಯುತ್ತಿತ್ತು. ಶಾಖ ಹೋಗದಂತೆ ಬಾಗಿಲೆಳೆದು, ಟವೆಲನ್ನು ಹೊರಗಿನಿಂದ ಮತ್ತೆ ಬಿಗಿಯಾಗಿ ತುರುಕಿ, ಕೆಳಗೆ ಬಂದವಳೇ ಮೆಟ್ಟಿಲ ಬುಡದಲ್ಲಿ ವಾಂತಿ ಮಾಡಿಕೊಂಡೆ. ದುಪ್ಪಟಿ ಹೊದ್ದು ಹೋಮ್‌ವರ್ಕ್ ಮಾಡುತ್ತಿದ್ದ ಅಕ್ಕ, "ಡ್ರಾಮಾ ಮಾಡಬ್ಯಾಡ, ನೀನ ಒರಸು" ಅಂದಳು.

ಅಷ್ಟರಲ್ಲಿ ಅಪ್ಪ ಶಿಫ್ಟು ಮುಗಿಸಿ ಒಳಗೆ ಬಂದರು. ನನ್ನ ಮುಖ ನೋಡಿದರು. ಮೂಗೆತ್ತಿ ಇದ್ದಿಲಿನ ವಾಸನೆ ಹಿಡಿದರು. ಬೂಟು ಬಿಚ್ಚದೆ ಮೆಟ್ಟಿಲು ಹಾರಿದರು.

ಟವೆಲಿನಿಂದ ಬಿಗಿದುಕೊಂಡಿದ್ದ ಬಾಗಿಲನ್ನು ಅಪ್ಪ ಒದ್ದರು. ಎರಡನೇ ಒದೆತಕ್ಕೆ ಹಲಗೆ ಸೀಳಿತು. "ಏಳು! ಕಣ್ ತೆರಿ!" ಎಂದು ಅಮ್ಮನ ಎರಡೂ ಕೆನ್ನೆಗೆ ಫಟಾರನೆ ಹೊಡೆದರು. ಅಮ್ಮನ ತಲೆ ಅತ್ತಿತ್ತ ಹೊರಳಿತು, ಕಣ್ಣು ತೆರೆಯಲಿಲ್ಲ. ಕಿಟಕಿಯ ಗಾಜನ್ನು ಮೇಲಕ್ಕೆ ಸರಿಸಲು ನೋಡಿದರು, ಹಳೇ ಬಣ್ಣ ಹಿಡಿದು ಅಲುಗಲಿಲ್ಲ. ನಾನು ಹತ್ತಿದ್ದ ಅದೇ ಕುರ್ಚಿಯನ್ನು ಎತ್ತಿ ಬೀಸಿದರು. ಗಾಜು ಸಿಡಿದು ಹಾಸಿಗೆಯ ತುಂಬ ಬಿತ್ತು. ಉಳಿದ ಚೂರುಗಳನ್ನು ಬರಿಗೈಯಲ್ಲೇ ಗುದ್ದಿ ಕೆಡವಿದರು. ಮೊಣಕೈವರೆಗೆ ರಕ್ತ ಇಳಿಯಿತು. ತಮ್ಮನನ್ನು ಎತ್ತಿ, ನನ್ನ ಹಿಂದೆಯೇ ಓಡಿಬಂದಿದ್ದ ಅಕ್ಕನ ಎದೆಗೆ ತಳ್ಳಿ, "ಹೊರಗ ಓಡು! ಆಂಬುಲೆನ್ಸಿಗೆ ನೈನ್ ನೈನ್ ನೈನ್ ಹಚ್ಚು!" ಎಂದು ಕಿರುಚಿದರು. ತಮ್ಮನ ಬಿಳಿ ಟೋಪಿಯ ಮೇಲೆ ಅಪ್ಪನ ಐದು ಬೆರಳು ಕೆಂಪಗೆ ಮೂಡಿದ್ದವು.

ಅಜ್ಜಿ ಕೆಂಡದ ಇಕ್ಕಳ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಅವಳು ಕಂಡದ್ದು ಇಷ್ಟೇ: ಒಡೆದ ಕಿಟಕಿ, ಒಳಗೆ ನುಗ್ಗುವ ಹಿಮಗಾಳಿ, ತನ್ನ ಮಗಳನ್ನು ರಟ್ಟೆ ಹಿಡಿದು ದರದರ ಎಳೆಯುತ್ತಿರುವ ಅಳಿಯ. "ಹಸಿ ಬಾಣಂತಿಗೆ ಗಾಳಿ ಬಡಸ್ತೀರೇನ್ರಿ! ಬಿಡ್ರೀ ಆಕಿನ್ನ!" ಎಂದು ಅಡ್ಡ ನಿಂತಳು. ಅಪ್ಪ ನಿಲ್ಲಲಿಲ್ಲ. ಅಜ್ಜಿ ಇಕ್ಕಳದಿಂದ ಅವರ ಬೆನ್ನಿಗೆ, ಭುಜಕ್ಕೆ ಬಾರಿಸಿದಳು. "ಕೊಲ್ಲತೀಯೇನೋ ನನ್ನ ಮಗಳನ್ನ!" ಅಳಿಯನಿಗೆ ಅವಳು ಏಕವಚನ ಬಳಸಿದ್ದು ಅದೊಂದೇ ಸಲ. "ಅತ್ತೀ, ಸರೀರಿ!" ಎಂದು ಅಪ್ಪ ಅವಳನ್ನು ಜೋರಾಗಿ ನೂಕಿದರು. ಅಜ್ಜಿ ಬೀರುವಿಗೆ ಬಡಿದು ಬಿದ್ದಳು. ಒಣ ಕಡ್ಡಿ ಮುರಿದಂಥ ಸಣ್ಣ ಸದ್ದು ಬಂತು. ಅದು ಅವಳ ಮಣಿಕಟ್ಟು. ಅಮ್ಮನ ಹಿಮ್ಮಡಿಗಳು ಪ್ರತಿ ಮೆಟ್ಟಿಲಿಗೂ ದಡ್ ದಡ್ ಎಂದು ಬಡಿಯುತ್ತ ಕೆಳಗಿಳಿದವು.

ಹೊರಗೆ ಹಿಮದ ಮೇಲೆ ಕೂತು ಅಪ್ಪ ತಮ್ಮನ ಅಂಗಾಲಿಗೆ ಬೆರಳಿನಿಂದ ಹೊಡೆದೇ ಹೊಡೆದರು. ಹತ್ತು ದಿನದ ಕೂಸು. ಅಕ್ಕ ಫೋನ್ ಹಿಡಿದು ನಮ್ಮ ಪೋಸ್ಟ್‌ಕೋಡನ್ನು ಅಳುತ್ತ ಮೂರು ಸಲ ಹೇಳಿದಳು. ತಮ್ಮ ಬಾಯಿ ತೆರೆದ. ಸದ್ದಿಲ್ಲ. ಮತ್ತೆ ತೆರೆದ. ಆಮೇಲೆ ಬೀದಿಯ ಬಾಗಿಲುಗಳೆಲ್ಲ ತೆರೆಯುವಂತೆ ಚೀರಿದ. ಆ ಚೀರಾಟಕ್ಕೋ ಏನೋ, ಅಮ್ಮನ ಕಣ್ಣರೆಪ್ಪೆ ಅದುರಿತು.

ಆಂಬುಲೆನ್ಸು ಅಮ್ಮ, ತಮ್ಮ, ಅಪ್ಪ ಮೂವರನ್ನೂ ಒಯ್ದ ಮೇಲೆ, ನಮಗಾಗಿ ಇನ್ನೊಂದು ಬರುವುದರೊಳಗೆ, ಅಗ್ನಿಶಾಮಕದ ಹೆಂಗಸೊಬ್ಬಳು ಕೋಣೆ ನೋಡಿ ಕೆಳಗೆ ಬಂದಳು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷದ ಗಾಳಿ ತುಂಬುತ್ತದೆಂದು ಮೆಲ್ಲಗೆ ತಿಳಿಸಿದಳು. ಅಕ್ಕ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ಅಜ್ಜಿಯ ತುಟಿ ಬೆಳ್ಳಗಾಯಿತು. ಆ ಹೆಂಗಸು ಅಪ್ಪನ ಸಾಕ್ಸುಗಳನ್ನು ಮುಂದೆ ಹಿಡಿದು, ಜಾಲರಿಗೆ ಇವನ್ನು ತುಂಬಿದ್ದು ಯಾರು ಎಂದು ಕೇಳಿದಳು. ಅಜ್ಜಿಗೆ ಇಂಗ್ಲಿಷು ಬಾರದು, ಸಾಕ್ಸು ಕಂಡಿತು, ನನ್ನ ಮುಖ ಕಂಡಿತು. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡೇ ಎದ್ದು ನಿಂತು, "ಮೀ. ಮೀ" ಅಂದಳು. ಇದನ್ನು ನಾನು ಈ ತನಕ ಯಾರಿಗೂ ಹೇಳಿರಲಿಲ್ಲ. ನಿಮ್ಮ ಅಮ್ಮನಿಗೂ ಹೇಳಿಲ್ಲ.

ಅಮ್ಮ, ತಮ್ಮ ಇಬ್ಬರೂ ಉಳಿದರು. ಆಸ್ಪತ್ರೆಯ ನರ್ಸ್ ಒಬ್ಬಳು, ಇಷ್ಟು ತಣ್ಣನೆಯ ಮನೆಗೆ ಹಸುಗೂಸನ್ನು ಕಳಿಸಲಾರೆ ಎಂದು ಹಟ ಹಿಡಿದು ಊರಿನ ಆಡಳಿತ ನೋಡುವ ಕೌನ್ಸಿಲ್ಲಿಗೆ ಬರೆದಳು. ಅಲ್ಲಿಂದ ಜನ ಬಂದು ಗೋಡೆಗಳ ತೇವ ಅಳೆದರು, ಮಾಲೀಕನಿಗೆ ನೋಟಿಸು ಕೊಟ್ಟರು. ಹೊಸ ಬಾಯ್ಲರ್ ಬಂತು, ಎರಡು ಪದರದ ಗಾಜು ಬಂತು, ಅಟ್ಟಕ್ಕೆ ಶಾಖ ಹೊರಹೋಗದಂತೆ ದಪ್ಪ ಹತ್ತಿಯಂಥ ಹಾಸು ಬಂತು. ಅಲ್ಲಿಯವರೆಗೆ ಅಜ್ಜಿ, ಅಪ್ಪ ಒಬ್ಬರನ್ನೊಬ್ಬರು ನೇರ ನೋಡುತ್ತಿರಲಿಲ್ಲ. ರೇಡಿಯೇಟರ್ ಮೊದಲ ಸಲ ಬಿಸಿಯಾದ ಸಂಜೆ ಅಪ್ಪ ಒಂದು ಕುರ್ಚಿ ತಂದು ಅದರ ಪಕ್ಕಕ್ಕೆ ಹಾಕಿ, "ಕೂಡ್ರಿ ಅತ್ತಿ" ಅಂದರು. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅಜ್ಜಿ ಕೂತಳು. "ನೀವೂ ಕೂಡ್ರಿ ಅಳಿಯಂದ್ರ, ಬೆನ್ನು ಕಾಯಿಸಿಕೋರಿ. ಅವತ್ತ ಭಾಳ ಹೊಡದೀನಿ" ಅಂದಳು.

ಈಗ ನಿಮ್ಮ ಮನೆ ನೋಡಿ. ಜನವರಿಯಲ್ಲೂ ಬನಿಯನ್ನಿನಲ್ಲಿ ಬರಿಗಾಲಲ್ಲಿ ಓಡಾಡುತ್ತೀರಿ. ಶಾಖವನ್ನು ಒಳಗೇ ಉಳಿಸಿಕೊಂಡು ಹಳೇ ಗಾಳಿಯನ್ನಷ್ಟೇ ಹೊರಗೆ ಕಳಿಸುವ ಯಂತ್ರ ಗೋಡೆಯೊಳಗೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಅದು ಅಲ್ಲಿದೆ ಎನ್ನುವುದೂ ನಿಮಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮೊನ್ನೆ ನಿಮ್ಮಲ್ಲಿ ಚಿಕ್ಕವನು ನನ್ನ ಹಳೇ ಫೋಟೋ ಒಂದನ್ನು ಹಿಡಿದು ಬಂದ. ಅಮ್ಮನ ತೊಡೆಯ ಮೇಲೆ ತಮ್ಮ, ಸುತ್ತ ನಾವೆಲ್ಲ, ಎಲ್ಲರೂ ಕೋಟು, ಟೋಪಿ, ಕೈಗವಸು ಹಾಕಿದ್ದೇವೆ. "ಅಜ್ಜಿ, ಎಲ್ಲಿಗೆ ಹೊರಟಿದ್ರಿ ಎಲ್ಲರೂ?" ಎಂದು ಕೇಳಿದ.

ಎಲ್ಲಿಗೂ ಇಲ್ಲ ಮಗು. ಮನೆಯಲ್ಲೇ ಇದ್ದೆವು.