ಮಸ್ಕತ್ತಿನಲ್ಲಿ ಮುಡಿದ ಮಲ್ಲಿಗೆ

ನನಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಬೇಗ ಹೋಗುವುದೂ ಇಲ್ಲ. ಅತ್ತಿಗೆಯ ಮೇಲಿನ ಸಿಟ್ಟನ್ನು ನಾನು ದುಬೈಗೆ ಹೊರಟಾಗ ಶೇಂಗಾ ಚಟ್ನಿಪುಡಿಯ ಡಬ್ಬಿಯ ಜೊತೆಗೇ ಕಟ್ಟಿಕೊಂಡು ಹೋಗಿದ್ದೆ. ಚಟ್ನಿಪುಡಿ ತಿಂಗಳಲ್ಲಿ ಖಾಲಿಯಾಯಿತು.

ನಮ್ಮದು ಹೂವಿನಹಡಗಲಿ. ಅಣ್ಣನದು ಮಲ್ಲಿಗೆ ತೋಟ. ಗಂಡ ತೀರಿಕೊಂಡ ಮೇಲೆ ಮಗಳ ಕೈಹಿಡಿದು ತವರಿಗೆ ಬಂದ ನಾನು ದಿನಾ ಮೊಗ್ಗು ಬಿಡಿಸಿ, ಹೂ ಕಟ್ಟಿ, ಬಸ್ಸಿಗೆ ಹಾಕಿ ಬರುತ್ತಿದ್ದೆ. ಊರ ಹೆಂಗಸರ ತಲೆಯಲ್ಲೆಲ್ಲ ನಾನು ಕಟ್ಟಿದ ಹೂ. ನನ್ನ ತಲೆಯಲ್ಲಿ ಮಾತ್ರ ಇಲ್ಲ. ಒಮ್ಮೆ ಮನೆಯಲ್ಲಿ ತೊಟ್ಟಿಲು ಕಾರ್ಯ. ಉಳಿದಿದ್ದ ಗೇಣುದ್ದದ ತುಂಡನ್ನು ಮಗಳು ಹಿಂದಿನಿಂದ ಬಂದು ನನ್ನ ಜಡೆಗೆ ಸಿಕ್ಕಿಸಿಬಿಟ್ಟಳು. ಅತ್ತಿಗೆ ತುಂಬಿದ ಮನೆಯಲ್ಲಿ ಅದನ್ನು ಕಿತ್ತಳು. ಹೂವಿನ ಜೊತೆ ಕೂದಲೂ ಕಿತ್ತು ಬಂತು.

"ಗಂಡನ್ನ ನುಂಗಿದಾಕಿಗೆ ಹೂವು ಬ್ಯಾರೆ ಕೇಡು!" ಎಂದು ಅದನ್ನು ಎಂಜಲೆಲೆಯ ಬುಟ್ಟಿಗೆ ಎಸೆದಳು.

ನೆಂಟರು ತಮ್ಮ ತಮ್ಮ ಎಲೆಯ ಕಡೆ ತಿರುಗಿದರು. ಪಾಯಸ ಬಡಿಸುವುದು ನಡೆದೇ ಇತ್ತು.

ಮಗಳನ್ನು ಓದಿಸಲೆಂದು ಹೋದ ದುಬೈನಲ್ಲಿ ನಾನು ಅಡಿಗೆಗೆ ಇದ್ದ ಮನೆ ನಮ್ಮ ಸೀಮೆಯವರದೇ. ಮನೆಯೊಡತಿ ಹರಪನಹಳ್ಳಿಯ ಹುಡುಗಿ, ಬಂಗಾರದಂಥ ಮನಸ್ಸು. ಆದರೆ ಜೊತೆಗಿದ್ದ ಅವಳ ಅತ್ತೆ ಕೊಟ್ಟೂರಿನವರು, ನನ್ನ ಅತ್ತಿಗೆಯ ತವರಿನ ಓಣಿಯವರು. ನಾನು ಅಲ್ಲಿ ಸೀನಿದರೆ ಹಡಗಲಿಯಲ್ಲಿ ಸುದ್ದಿ. ಹಾಗಾಗಿ ಕಡಲು ದಾಟಿ ಹೋದರೂ ಬೋಳು ಜಡೆಯಲ್ಲೇ ಇದ್ದೆ.

ಹೀಗಿರುವಾಗ ಮಗಳಿಗೆ ಹಗರಿಬೊಮ್ಮನಹಳ್ಳಿಯ ಸಂಬಂಧ ಕೂಡಿ ಬಂತು. ಸಂತೋಷದ ಬೆನ್ನಿಗೇ ಅತ್ತಿಗೆಯ ಫೋನು.

"ಧಾರಿಗೆ ನಾನೂ ನಿಮ್ಮಣ್ಣನೂ ಕುಂದರತೀವಿ. ನೀ ಹಿಂದ ಅಡಗಿಮನ್ಯಾಗ ಹೂವು ಕಟ್ಕೋಂತ ಇರು. ಮಂಟಪದ ಕಡಿ ಸುಳೀಬ್ಯಾಡ. ಬೀಗರು ಏನಂದಾರು?"

ಹೆತ್ತವಳು ನಾನು. ಕಂಡವರ ಒಲೆ ಮುಂದೆ ಬೆಂದು ಓದಿಸಿದವಳು ನಾನು. ನನ್ನ ಮಗಳ ಮದುವೆಯನ್ನು ನಾನು ಅಡಿಗೆಮನೆಯ ಕಿಟಕಿಯಿಂದ ಇಣುಕಿ ನೋಡಬೇಕಂತೆ! ಆದರೂ "ಹ್ಞೂಂ" ಎಂದು ಫೋನಿಟ್ಟೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಕುಡಿಸುವವಳು ನಾನೇ ಆಗಬೇಕು ಎಂದುಕೊಂಡೆ.

ರಂಜಾನ್ ಹಬ್ಬದ ರಜೆಗೆ ಮನೆಯವರೆಲ್ಲ ಪಕ್ಕದ ಒಮಾನ್ ದೇಶಕ್ಕೆ ಕಾರಿನಲ್ಲಿ ಹೊರಟರು. ಮಕ್ಕಳನ್ನು ನೋಡಿಕೊಳ್ಳಲು ನಾನೂ ಹೋದೆ. ಕೊಟ್ಟೂರಿನ ಅತ್ತೆ ಆಗ ಅಬುಧಾಬಿಯ ಮಗಳ ಮನೆಯಲ್ಲಿದ್ದರು, ಪುಣ್ಯ! ದಾರಿಯುದ್ದಕ್ಕೂ ಕೂಡ್ಲಿಗಿ ಕಡೆಯಂಥವೇ ಕಲ್ಲುಗುಡ್ಡ, ಆದರೆ ಒಂದು ಜಾಲಿಗಿಡವೂ ಇಲ್ಲ. ಗಡಿ ದಾಟಿದ ಮೇಲೆ ಕಟ್ಟಿಕೊಂಡಿದ್ದ ರೊಟ್ಟಿ ಬುತ್ತಿ ಬಿಚ್ಚಿ ತಿಂದೆವು.

ಮಸ್ಕತ್ತಿನಲ್ಲಿ ಗುಡಿಯ ಹತ್ತಿರ ಒಂದು ಹೂವಿನ ಅಂಗಡಿ ಕಂಡಿತು. ವಿಮಾನದಲ್ಲಿ ಬಂದ ಮಲ್ಲಿಗೆ. ಕಟ್ಟು ನೋಡಿದರೆ ನಗು ಬರುವಂತಿತ್ತು, ಎಳೆದರೆ ಪೂರಾ ಉದುರಬೇಕು. ಒಂದು ಮೊಳ ಕೊಂಡು, ಸಮುದ್ರದ ದಂಡೆಯ ಬೆಂಚಿನ ಮೇಲೆ ಕುಳಿತು, ಬಿಚ್ಚಿ ಮತ್ತೆ ಒತ್ತಾಗಿ ಕಟ್ಟಿದೆ.

"ನನಗಾ ಅಕ್ಕಾ?" ಎಂದಳು ಮನೆಯೊಡತಿ.

"ಇಲ್ಲವ್ವಾ, ನನಗ."

ಅವಳು ನನ್ನ ಮುಖ ನೋಡಿದಳು. ಆಮೇಲೆ ತನ್ನ ತಲೆಯ ಪಿನ್ನು ತೆಗೆದು, "ಬಗ್ಗ್ರಿ, ನಾನೇ ಮುಡಿಸ್ತೀನಿ," ಎಂದಳು. ಸಮುದ್ರ ಹಿಂದೆ ಬರುವಂತೆ, ಜಡೆ ಮುಂದೆ ಕಾಣುವಂತೆ ಫೋಟೋ ತೆಗೆಸಿಕೊಂಡು ಮೊದಲು ಮಗಳಿಗೆ ಕಳಿಸಿದೆ. ತಕ್ಷಣ ಫೋನು ಮಾಡಿದಳು.

"ಎಲ್ಲಾರಿಗೂ ಕಳಸವ್ವಾ. ಹಗರಿಬೊಮ್ಮನಹಳ್ಳಿ ನಮ್ಮ ಅತ್ತಿಯಾರಿಗೂ ಕಳಸು."

"ಸಂಬಂಧ ಮುರದ್ರ?"

"ಹಡದಾಕಿ ಹೂ ಮುಡದದ್ದಕ್ಕ ಮುರಿಯೋದು ಈಗ ಮುರದ್ರ ಚೊಲೋ ಅಲ್ಲೇನು?"

ಕಳಿಸಿದೆ. ಮನೆಮಂದಿಯ ವಾಟ್ಸಾಪ್ ಗುಂಪಿಗೂ, ಬೀಗಿತ್ತಿಗೂ. ಅತ್ತಿಗೆಯ ಫೋನು ಬರುವಷ್ಟರಲ್ಲಿ ಕೈಲಿದ್ದ ಚಹಾ ಕೂಡ ಆರಿರಲಿಲ್ಲ.

"ನಾಚಿಕಿ ಐತೇನ ನಿನಗ? ತೆಗಿ ಆ ಫೋಟೋನ! ಬೀಗರು ನೋಡಿದ್ರ ಮದಿವಿ ನಿಲ್ತೈತಿ!"

"ಬೀಗರಿಗೂ ಕಳಿಸೀನಿ ಅತ್ತಿಗಿ. ಊಟ ಆತೇನು?"

ಆ ಕಡೆ ಫೋನು ಪಟ್ಟನೆ ಕಟ್ಟಾಯಿತು. ಅದು ನನಗೆ ತುಪ್ಪ ಹಾಕಿದ ಹೋಳಿಗೆಯಷ್ಟು ರುಚಿಯಾಯಿತು.

ಆದರೆ ಬೀಗಿತ್ತಿಯಿಂದ ಉತ್ತರ ಬರಲಿಲ್ಲ. ಮರುದಿನ ಪೂರ್ತಿ ಮಕ್ಕಳು ಅಲೆಯಲ್ಲಿ ಕುಣಿದರು, ನಾನು ಫೋನು ನೋಡಿದೆ. ಅತ್ತಿಗೆಯ ಹೊಟ್ಟೆ ಉರಿಸಲು ಹೋಗಿ ಮಗಳ ಬಾಳಿಗೆ ಕೊಳ್ಳಿ ಇಟ್ಟೆನಾ ಎಂದು ಹೆದರಿದೆ. ಆದರೂ ಬಾಡಿದ ಹೂವನ್ನು ತೆಗೆಯಲಿಲ್ಲ. ವಾಪಸು ಬರುವಾಗ ಗಡಿಯ ಸಾಲಿನಲ್ಲಿ ನಿಂತಿದ್ದಾಗ ಫೋನಿಗೆ ಬೀಗಿತ್ತಿಯ ಧ್ವನಿ ಸಂದೇಶ ಬಂತು.

"ಏನ್ ಚಂದ ಕಟ್ಟೀರಿ ಬೀಗಿತ್ತಿ! ಮದಿವ್ಯಾಗ ನನಗೂ ನಿಮ್ಮ ಕೈಲಿ ಕಟ್ಟಿದ್ದೇ ಬೇಕು ನೋಡ್ರಿ. ಧಾರಿ ಎರಿಯೋವಾಗ ನೀವೇ ಮುಂದ ನಿಂದರಬೇಕು."

ಗಟ್ಟಿಯಾಗಿ ನಕ್ಕುಬಿಟ್ಟೆ. ಗಡಿಯ ಅಧಿಕಾರಿ ಪಾಸ್‌ಪೋರ್ಟಿನ ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿ ಠಸ್ಸೆ ಒತ್ತಿದ.

ಮದುವೆ ಹಡಗಲಿಯಲ್ಲೇ ಆಯಿತು. ಕಲ್ಯಾಣಮಂಟಪದ ಬಾಗಿಲಲ್ಲಿ ಹೂವಿನ ತಟ್ಟೆ ಹಿಡಿದು ನಿಲ್ಲುವುದು ಮನೆಯ ಸೊಸೆ, ಎಂದರೆ ಅತ್ತಿಗೆ. ನಾನು ಬೇಕಂತಲೇ ಬೋಳು ಜಡೆಯಲ್ಲಿ, ಬೀಗಿತ್ತಿಯ ಜೊತೆಯಲ್ಲೇ ಬಂದೆ.

"ಮೊದಲ ಹುಡುಗಿ ತಾಯಿಗೆ ಕೊಡ್ರಿ," ಎಂದರು ಬೀಗಿತ್ತಿ.

ಅತ್ತಿಗೆ ನನ್ನ ಮುಖ ನೋಡದೆ ಒಂದು ತುಂಡು ಹೂವನ್ನು ಕೈಗೆ ತುರುಕಲು ಬಂದಳು. ನಾನು ಕೈ ಚಾಚಲಿಲ್ಲ. ಬೆನ್ನು ತಿರುಗಿಸಿ ನಿಂತೆ. ಸುತ್ತ ಅವತ್ತಿನ ನೆಂಟರೇ ಇದ್ದರು.

"ಕೈಯಾಗ ಬ್ಯಾಡ ಅತ್ತಿಗಿ. ಎಲ್ಲಿಂದ ಕಿತ್ತಿದ್ದಿ, ಅಲ್ಲೇ ಮುಡಸು."

ಅತ್ತಿಗೆ ತಟ್ಟೆಯಿಂದ ಪಿನ್ನು ತೆಗೆದು ಹೂವನ್ನು ಜಡೆಗೆ ಸಿಕ್ಕಿಸಿದಳು. ಪಿನ್ನು ನನ್ನ ತಲೆಗೆ ಚುಚ್ಚಿತು. ಚುಚ್ಚಲಿ ಎಂದು, ಅದು ಗಟ್ಟಿಯಾಗಿ ಕೂರುವ ತನಕ ನಾನು ಅಲ್ಲಾಡಲಿಲ್ಲ. ಆಮೇಲೆ ಮಂಟಪ ಹತ್ತಿ ಮಗಳ ಪಕ್ಕ ನಿಂತೆ.