ಹೆಪ್ಪು ಕೊಟ್ಟಂತೆ ಕೊಟ್ಟ ಟೋಕನ್

ಮೊಮ್ಮಕ್ಕಳೇ, ನಾಲ್ಕು ಮಂದಿಯ ಮುಂದೆ ಬಾಯಿ ಬಿಡದ ಅಜ್ಜಿ ಎಂದು ನೀವು ನನ್ನನ್ನು ನೋಡಿ ನಗುತ್ತೀರಿ. ಒಮ್ಮೆ ರೋಣದಲ್ಲಿ ಬಾಯಿ ಬಿಟ್ಟಿದ್ದೇನೆ. ಅದನ್ನು ಬರೆದಿಡುತ್ತೇನೆ.

ನಿಮ್ಮ ಅಜ್ಜ ತೀರಿಹೋದ ಮೂರನೆಯ ವರ್ಷ ಮೆಣಸಗಿಯ ಮಹಿಳಾ ಸಂಘಕ್ಕೆ ಕಂಪ್ಯೂಟರ್ ಬಂತು. ಹೊಳೆ ಏರಿದರೆ ಮೇಲ್ಭಾಗದ ನರಗುಂದದ ಕಡೆಯವರು ರೋಣದ ಸರ್ವರ್‌ಗೆ ಸಂದೇಶ ಕಳಿಸುತ್ತಿದ್ದರು. ಅಲ್ಲಿಂದ ಅದು ದಂಡೆಯ ಊರುಗಳಿಗೆ ಬರುತ್ತಿತ್ತು. ಏಳನೆಯ ಇಯತ್ತೆ ಓದಿದವಳೆಂದು ನನ್ನನ್ನು ಅದರ ಮುಂದೆ ಕೂರಿಸಿದರು. ಸಂದೇಶ ಕಂಡ ಕೂಡಲೇ ಗುಡಿಯ ಮೈಕಿನಲ್ಲಿ ಹೇಳಿಸಿ ತಗ್ಗಿನ ಓಣಿಯವರನ್ನು ಮೇಲಕ್ಕೆ ಕಳಿಸಬೇಕು. ನಮ್ಮ ಮನೆಯೂ ಅದೇ ಓಣಿಯಲ್ಲಿತ್ತು. ನಿಮ್ಮವ್ವ ಆಗ ಬಾಣಂತಿ. ನಿಮ್ಮಲ್ಲಿ ದೊಡ್ಡವಳು ತೊಟ್ಟಿಲಲ್ಲಿದ್ದಳು.

ಸರ್ವರ್ ಯಾರನ್ನೂ ಸುಮ್ಮನೆ ಸೇರಿಸಿಕೊಳ್ಳುತ್ತಿರಲಿಲ್ಲ. ತಿಂಗಳಿಗೊಮ್ಮೆ ರೋಣದ ಕಚೇರಿಯಲ್ಲಿ ಗುರುತು ತೋರಿಸಿದರೆ ಅಲ್ಲಿನ ಮೇಡಂ ಪೆನ್‌ಡ್ರೈವಿಗೆ ಟೋಕನ್ ಹಾಕಿಕೊಡುತ್ತಿದ್ದರು. ನೋಡಲು ಅರ್ಥವಿಲ್ಲದ ಉದ್ದನೆಯ ಅಕ್ಷರಗಳು. ಆದರೆ ಯಾವ ಊರು, ಎಂದಿನವರೆಗೆ ಅದರ ಮುದ್ದತ್ತು ಎಂಬುದೆಲ್ಲ ಅದರೊಳಗೇ ಇರುತ್ತಿತ್ತು. ನಮ್ಮ ಕಂಪ್ಯೂಟರ್ ಅದನ್ನು ತೋರಿಸಬೇಕು, ಸರ್ವರ್ ನೋಡಿ ಒಪ್ಪಬೇಕು.

ಮಳೆಗಾಲದಲ್ಲಿ ಹತ್ತಿರದ ಹೊಳೆಆಲೂರಿನ ಸಂಘದಲ್ಲಿ ಕಂಪ್ಯೂಟರ್ ನೋಡುವಾಕೆ ಬಂದಳು. ಹಿರಿಯಳೆಂದು ಅಕ್ಕ ಎನ್ನುತ್ತಿದ್ದೆ.

"ತಂಗಿ, ನನ್ನ ಟೋಕನ್ ಮುದ್ದತ್ ಮುಗದೈತಿ. ರೋಣಕ್ಕ ಹೋಗಾಕ ಮೊಣಕಾಲ ಒಲ್ಲೆ ಅಂತಾವ. ನಿಂದ ಈಟ ಕೊಡ."

"ಕೊಡಬಾರದು ಅಂದಾರಕ್ಕ."

"ಹೆಪ್ಪ ಕೊಟ್ರ ನಿನ್ನ ಮೊಸರ ಕಡಿಮಿ ಆಕ್ಕೈತೇನ?"

ನಮ್ಮ ಓಣಿಯಲ್ಲಿ ಹೆಪ್ಪಿಗೆ ಇಲ್ಲವೆಂದವರಿಲ್ಲ. ಆಕೆಯ ಪೆನ್‌ಡ್ರೈವಿಗೆ ನಕಲು ಮಾಡಿ ಕೊಟ್ಟೆ.

ಮೂರನೆಯ ದಿನ ಮಧ್ಯಾಹ್ನ ಸರ್ವರ್‌ಗೆ ಸೇರಿದ್ದೇವೆಂದು ತೋರಿಸುವ ತೆರೆಯ ಮೂಲೆಯ ಹಸಿರು ಚುಕ್ಕೆ ಕೆಂಪಾಯಿತು. ಮತ್ತೆ ಸೇರಿಸಿದೆ, ಹಸಿರಾಗಿ ಪುನಃ ಕೆಂಪಾಯಿತು. ಲೈನು ಕೆಟ್ಟಿದೆ ಎಂದುಕೊಂಡು ಒತ್ತುತ್ತಲೇ ಕುಳಿತೆ. ಹೊಳೆಆಲೂರಿನಲ್ಲಿ ಅಕ್ಕನೂ ಅಂದೇ ಮೊದಲ ಸಲ ನನ್ನ ಟೋಕನ್ ಹಾಕಿ ಒತ್ತುತ್ತಿದ್ದಳೆಂದು ಆಮೇಲೆ ತಿಳಿಯಿತು. ಒಂದು ಟೋಕನ್ನಿಗೆ ಒಬ್ಬರೇ. ನಾನು ಸೇರಿದರೆ ಆಕೆ ಹೊರಗೆ, ಆಕೆ ಸೇರಿದರೆ ನಾನು ಹೊರಗೆ. ಆ ಜಗ್ಗಾಟದಲ್ಲಿ ಸಂದೇಶ ಇಬ್ಬರಿಗೂ ಮುಟ್ಟಲಿಲ್ಲ.

ಹೊಲದಿಂದ ಓಡಿಬಂದ ನೆರೆಯವ ಬಾಗಿಲಲ್ಲೇ ನಿಂತ. "ಕಾಕೂ, ಹೊಳಿ ಹೊಲಕ್ಕ ಬಂತ್ರಿ. ನೀವಿನ್ನೂ ಇಲ್ಲೇ ಕುಂತೀರಿ?"

ಗುಡಿಗೆ ಓಡಿದರೆ ಅಷ್ಟರಲ್ಲಿ ಕರೆಂಟು ಹೋಗಿ ಮೈಕು ನಿಂತಿತ್ತು. ಸೆರಗು ಕಟ್ಟಿ ಮನೆಮನೆಯ ಕದ ಬಡಿದೆ. ಕೂಸನ್ನು ಎದೆಗವಚಿ ನಿಮ್ಮವ್ವ ಹೊರಬೀಳುವಷ್ಟರಲ್ಲಿ ಅಂಗಳದಲ್ಲಿ ನೀರು ಮೊಣಕಾಲುದ್ದ. ಎಲ್ಲರೂ ಉಳಿದೆವು. ಹೊಳೆಆಲೂರಿನಲ್ಲೂ ಉಳಿದರು, ಆದರೆ ಅದು ನಮ್ಮ ಜಾಣತನದಿಂದಲ್ಲ.

ಸಂದೇಶ ಏಕೆ ಮುಟ್ಟಲಿಲ್ಲವೆಂದು ರೋಣದಲ್ಲಿ ಕರೆದ ಸಭೆಯಲ್ಲಿ ಕಚೇರಿಯ ಸಾಹೇಬರು ಲೈನಿನ ದೋಷವೆಂದು ಮುಗಿಸುತ್ತಿದ್ದರು. ಅಕ್ಕ ತಲೆ ತಗ್ಗಿಸಿದ್ದಳು. ಸುಮ್ಮನಿದ್ದರೆ ಇಬ್ಬರೂ ಬೈಗುಳದಿಂದ ಪಾರಾಗುತ್ತಿದ್ದೆವು. ಆದರೆ ಮುಂದಿನ ಸಲ ಹೊಳೆ ಏರಿದಾಗ ಬೇರೆ ಯಾರೋ ಇಬ್ಬರು ಹೀಗೇ ಜಗ್ಗಾಡುತ್ತ ಕೂರುತ್ತಾರೆ. ಎದ್ದು ನಿಂತೆ.

"ಲೈನ್ ಕೆಟ್ಟಿಲ್ರಿ. ನಾನ ಟೋಕನ್ ಕೊಟ್ಟೀನಿ."

"ಯಾರಿಗೂ ಕೊಡಬ್ಯಾಡ ಅಂತ ಹೇಳಿದ್ದಿಲ್ಲೇನ?"

"ಹೇಳಿದ್ರಿ. ಯಾಕಂತ ಹೇಳಿದ್ದಿಲ್ರಿ. ಮೊಣಕಾಲ ಹಿಡಿದಾಕಿ ಎರಡ ಬಸ್ ಹತ್ತಿ ಬರಬೇಕಂದ್ರ ಮತ್ತ ಕೇಳತಾಳ, ನಾ ಮತ್ತ ಕೊಡತೀನಿ. ಮುದ್ದತ್ ಮುಗಿಯೂದರೊಳಗ ನೀವ ಊರಿಗೆ ಬಂದ ಕೊಡ್ರಿ."

ಅವರು ಒಪ್ಪುವ ತನಕ ಕೂರಲಿಲ್ಲ.

ಮುಂದಿನ ತಿಂಗಳಿಂದ ಕಚೇರಿಯ ಮೇಡಂ ಗಾಡಿಯ ಮೇಲೆ ಊರೂರಿಗೆ ಬರತೊಡಗಿದರು. ಮತ್ತೊಂದು ಮಳೆಗಾಲದಲ್ಲಿ ಹೊಳೆ ಏರಿದಾಗ ನನ್ನ ಚುಕ್ಕೆ ಹಸಿರಾಗಿಯೇ ಇತ್ತು. ಸಂದೇಶ ಬಂದಾಗ ಅಂಗಳಕ್ಕೆ ಇನ್ನೂ ನೀರು ಬಂದಿರಲಿಲ್ಲ. ಅಕ್ಕನಿಗೂ ಮುಟ್ಟಿತ್ತು. ನನಗೆ ಈಗಲೂ ಆಕೆ ಹೆಪ್ಪು ಕಳಿಸುತ್ತಾಳೆ.

ಈ ಹಾಳೆಗಳನ್ನು ಕೆಳಗಿನ ಗೂಡಿನಲ್ಲಿಡಬೇಡಿ, ಮಕ್ಕಳೇ. ನೀರು ಮುಟ್ಟದ ಹಾಗೆ ಅಟ್ಟದ ಮೇಲಿನ ಟ್ರಂಕಿನಲ್ಲಿಟ್ಟು ಜೋಪಾನ ಮಾಡಿ.