ಗಂಟೆಯ ಪಾಲಾದ ಪಾನಾ

ಬೆಟ್ಟದ ಕಡೆಯಿಂದ ಇಳಿದ, ಚಿಪೆರೋನಿ ಎಂದು ಕರೆಯುವ ಚಳಿಮಂಜು ಈ ಶುಕ್ರವಾರ ಬೆಳಗಿನ ಜಾವ ನಮಿಲಂಬೆ ಹಳ್ಳಿಯ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದಿದೆ. ಮಳೆ ಎನ್ನುವಂತಿಲ್ಲ, ಅಲ್ಲ ಎನ್ನುವಂತೆಯೂ ಇಲ್ಲ. ತಲೆಗೆ ಸುತ್ತಿದ ಬಟ್ಟೆ ಮಾತ್ರ ತೊಟ್ಟಿಕ್ಕುತ್ತಿದೆ. ಕೆಟ್ಟು ನಿಂತ ಕೈಪಂಪಿನ ಕಟ್ಟೆಯ ಮೇಲೆ ಎನೆಲೆಸಿ ಮುಹೋವಾ ಕೂತಿದ್ದಾರೆ. ಪಕ್ಕದಲ್ಲಿ ಹೊಸ ರಬ್ಬರ್ ಬಿಲ್ಲೆಗಳು, ಹಗ್ಗ, ಎಣ್ಣೆಯ ಚಿಂದಿ. ಎದುರಿಗೆ ಖಾಲಿ ಬಕೆಟ್‌ಗಳ ಸಾಲು, ಸಾಲಿನ ಹಿಂದೆ ಗೊಣಗುವ ಹೆಂಗಸರು. ಎಲ್ಲ ಇದೆ. ಬೋಲ್ಟು ಬಿಚ್ಚುವ ಪಾನಾ ಒಂದಿಲ್ಲ.

ಅದು ಎಲ್ಲಿದೆಯೆಂದು ಊರಿಗೇ ಗೊತ್ತು. ಚರ್ಚಿನ ಮುಂದಿನ ಮಾವಿನ ಮರಕ್ಕೆ ತೂಗುಹಾಕಿದ ಲಾರಿ ಚಕ್ರದ ಕಬ್ಬಿಣದ ಬಳೆಯೇ ಇಲ್ಲಿನ ಗಂಟೆ. ಸಭೆಯ ಹಿರಿಯರಾದ ವಾಟ್ಸನ್ ಚಿಪೊಜೋಲಾ ಅದರ ಕೊಕ್ಕೆ ಬಿಗಿಮಾಡಲೆಂದು ಈಸ್ಟರಿಗೆ ಮುಂಚೆ ಎನೆಲೆಸಿಯಿಂದ ಪಾನಾ ಕೇಳಿ ಒಯ್ದರು. ಬಿಗಿಮಾಡಿ, ಅದರಿಂದಲೇ ಒಮ್ಮೆ ಬಡಿದು ನೋಡಿದರು. ದನಿ ಗುಡ್ಡದಾಚೆಗೂ ಕೇಳಿತು. ಅಂದಿನಿಂದ ಗಂಟೆ ಬಡಿಯಲೆಂದು ಪಾನಾ ಅಲ್ಲೇ ಉಳಿಯಿತು.

"ದಿನಾ ಬೆಳಿಗ್ಗೆ ನನ್ನ ಪಾನಾನೇ ನನ್ನ ಎಬ್ಬಿಸುತ್ತೆ," ಎನ್ನುತ್ತಾರೆ ಎನೆಲೆಸಿ. "ಪ್ರಾರ್ಥನೆಗೆ ಬಾ ಅನ್ನುತ್ತೆ. ಹೋಗ್ತೀನಿ. ಹೋದ್ರೆ ಅಲ್ಲಿ ಮಾವ ತಾಳ್ಮೆ ಬಗ್ಗೆ ಉಪದೇಶ ಮಾಡ್ತಿರ್ತಾರೆ!"

ಮಾವ ಎಂದರೆ ಅದೇ ವಾಟ್ಸನ್, ಎನೆಲೆಸಿಯ ತಾಯಿಯ ತಮ್ಮ. ತೊಡಕಿರುವುದೂ ಅಲ್ಲೇ. ಈ ಸೀಮೆಯಲ್ಲಿ ಹೆಣ್ಣುಮಗಳು ಹಿರಿಯರೊಬ್ಬರನ್ನು ನೇರ ಹೋಗಿ ಕೇಳುವಂತಿಲ್ಲ. ಅವಳ ಪರವಾಗಿ ಸೋದರಮಾವನೇ ಹೋಗಿ ಮಾತಾಡಬೇಕು. "ಮಾವನ್ನ ಕೇಳೋಕೆ ಮಾವನನ್ನೇ ಕಳಿಸ್ಲಾ?" ಎಂದು ಎನೆಲೆಸಿ ಹಣೆ ಚಚ್ಚಿಕೊಳ್ಳುತ್ತಾರೆ.

ಪಂಪು ಬಂದ ವರ್ಷ ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತವರಲ್ಲಿ ಇಂದಿಗೂ ಆ ಕೆಲಸ ಬಿಡದವರು ವಿಧವೆಯಾದ ಎನೆಲೆಸಿ ಒಬ್ಬರೇ. ಸುತ್ತಲ ಊರುಗಳಿಗೆ ನಡೆದೇ ಹೋಗುತ್ತಾರೆ. ಒಂದು ಕಡೆ ಕೋಳಿ ಕೊಡುತ್ತಾರೆ, ಇನ್ನೊಂದು ಕಡೆ ಜೋಳದ ಹಿಟ್ಟು, ಕೆಲವು ಕಡೆ ಬರೀ ಆಶೀರ್ವಾದ. ಪಾನಾ ಹೋದ ಮೇಲೆ ಸೈಕಲ್ ರಿಪೇರಿಯವನ ಸಾಮಾನಿನಲ್ಲಿ ಹೆಣಗಿ ಬೋಲ್ಟಿನ ಮೂಲೆಗಳು ಸವೆದಿವೆ, ಬೆರಳ ಗೆಣ್ಣುಗಳು ಸುಲಿದಿವೆ.

ಸೂಚ್ಯವಾಗಿ ಹೇಳಿ ನೋಡಿದ್ದಾಯಿತು. ಮಾವನ ಮನೆಗೆ ತಟ್ಟೆ ತುಂಬ ಕಡಲೆಕಾಯಿ ಹಿಟ್ಟು ಒಯ್ದರು. ಪಾನಾದ ನೆನಪಾಗಲಿ ಎಂದು ಒಯ್ದದ್ದನ್ನು ವಾಟ್ಸನ್ ದೇವರ ಸೇವಕನಿಗೆ ಸಂದ ಗೌರವವೆಂದು ತಿಳಿದು, ಎನೆಲೆಸಿಯ ತಲೆಯ ಮೇಲೆ ಕೈಯಿಟ್ಟು ಉದ್ದ ಪ್ರಾರ್ಥನೆ ಮಾಡಿದರು. ತಟ್ಟೆಯೂ ವಾಪಸು ಬರಲಿಲ್ಲ. ಆಮೇಲೆ ಹೆಂಗಸರ ಕೂಟದಲ್ಲಿ ಎನೆಲೆಸಿ ಗಟ್ಟಿಯಾಗಿ, "ಕರ್ತನೇ, ದಾರಿ ತಪ್ಪಿದ ಕಬ್ಬಿಣವನ್ನ ಮನೆಗೆ ಕಳಿಸು," ಎಂದು ಬೇಡಿದರು. ಎಲ್ಲರಿಗಿಂತ ಜೋರಾಗಿ ಆಮೆನ್ ಎಂದದ್ದು, ಕೂಟಕ್ಕೆ ಉಪದೇಶ ಮಾಡಲು ಬಂದಿದ್ದ ವಾಟ್ಸನ್!

ಇವತ್ತು ನಗುವ ಹೊತ್ತಲ್ಲ. ಮೂರು ದಿನದ ಪ್ರಾರ್ಥನಾ ಕೂಟಕ್ಕೆ ನೆರೆಯ ಸಭೆಗಳ ಹೆಂಗಸರು, ಕಂಕುಳ ಕೂಸುಗಳ ಸಮೇತ, ಮಧ್ಯಾಹ್ನ ಬಂದಿಳಿಯುತ್ತಾರೆ. ಪಂಪಿಲ್ಲದಿದ್ದರೆ ಹೊಳೆಯ ನೀರೇ ಗತಿ. ಆ ನೀರು ಕುಡಿದು ಕಾಲರಾ ಬಂದ ಮಳೆಗಾಲದಲ್ಲಿ ಈ ಊರು ತನ್ನ ಮಕ್ಕಳನ್ನು ಮಣ್ಣುಮಾಡಿದೆ.

"ಹೋಗಿ ಬಿಚ್ಕೊಂಡು ಬಾ ಅಕ್ಕಾ," ಎನ್ನುತ್ತಾಳೆ ಬಕೆಟ್ ಸಾಲಿನಲ್ಲಿ ಮೊದಲು ನಿಂತ ಟಿಯಾಮಿಕೆ. "ಹಗ್ಗದಲ್ಲಿ ನೇತಾಡ್ತಿದೆ. ಸಿಂಹ ಏನೂ ಕಾವಲಿಲ್ಲ."

"ನನ್ನದನ್ನ ನಾನೇ ಕದ್ದು, ಭಾನುವಾರ ಯಾವ ಮುಖ ಹೊತ್ಕೊಂಡು ಕರ್ತನ ರೊಟ್ಟಿಗೆ ಕೈ ಚಾಚಲಿ?"

"ಹಾಗಾದ್ರೆ ದೇವರ ಸಮಯಕ್ಕೆ ಕಾಯ್ತಾ ಕೂತಿರು!"

"ದೇವರ ಸಮಯಕ್ಕೆ ಎಷ್ಟು ಬೇಕಾದ್ರೂ ಕಾಯ್ತೀನಿ ತಂಗಿ. ಮಾವನ ಸಮಯಕ್ಕೆ ಕಾದು ಕಾದು ಸಾಕಾಗಿದೆ," ಎನ್ನುವ ಎನೆಲೆಸಿ ಮಂಜಿನ ಕಡೆ ಮುಖವೆತ್ತುತ್ತಾರೆ. "ನಿನ್ನ ಸಮಯ ಒಳ್ಳೇದೇ ಕರ್ತನೇ. ಆದ್ರೆ ಅದು ಮಧ್ಯಾಹ್ನದ ಒಳಗೆ ಬರೋ ಹಾಗೆ ನೋಡ್ಕೋ."

ಬಾಯಿ ಸಿಡುಕುತ್ತಲೇ ಇದೆ, ಕೈ ಮಾತ್ರ ಸುಮ್ಮನಿಲ್ಲ. ಸವೆದ ಬೋಲ್ಟುಗಳಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಪಾನಾ ಬರುತ್ತದೆ ಎಂದು ಯಾರು ಹೇಳಿದರು? "ಬಂದಾಗ ಬೋಲ್ಟು ತಯಾರಿರಬೇಕಲ್ಲ," ಎನ್ನುತ್ತಾರೆ. ಕಾಯುವುದೆಂದರೆ ಏನೆಂದು ಆ ಎಣ್ಣೆಗೈ ನೋಡಿದರೆ ತಿಳಿಯುತ್ತದೆ.

ಬೆಳಕು ಹರಿಯುತ್ತದೆ. ಥಟ್ಟನೆ ಎನೆಲೆಸಿಯ ಕೈ ನಿಲ್ಲುತ್ತದೆ. ಇವತ್ತು ಗಂಟೆ ಬಡಿದಿಲ್ಲ.

ಮಂಜಿನೊಳಗಿಂದ ಮೊದಲು ಕಾಣಿಸುವುದು ತಲೆಯ ಮೇಲೊಂದು ಬರಿದಾದ ಗಡಿಗೆ, ಅದರ ಕೆಳಗೆ ವಾಟ್ಸನ್‌ರ ಹೆಂಡತಿ ಡೊರೊಫೆ. "ಗಂಟೆ ಯಾಕಿಲ್ಲ ಅಂತ ನೋಡ್ತಿದ್ದೀರಾ?" ಎಂದು ಆಕೆ ದೂರದಿಂದಲೇ ಕೂಗುತ್ತಾರೆ. "ಅಡುಗೆಗೆ ನೀರಿಲ್ಲ. ಈ ಗಡಿಗೆ ಇವರ ಮುಂದಿಟ್ಟು, ನೆಂಟರು ಬಂದಾಗ ಇದನ್ನೇ ಬಡೀರಿ, ಖಾಲಿ ಇದೆ, ಚೆನ್ನಾಗಿ ಕೇಳುತ್ತೆ ಅಂದೆ!"

ಬಕೆಟ್ ಸಾಲು ಬಿದ್ದು ಬಿದ್ದು ನಗುತ್ತದೆ. ಹೆಂಡತಿಯ ಹಿಂದೆ ಬಂದ ವಾಟ್ಸನ್ ನಗುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಅವರ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆಯೊಂದಿದೆ. ಎನೆಲೆಸಿ ತಮ್ಮ ತಟ್ಟೆಯನ್ನು ಗುರುತಿಸುತ್ತಾರೆ. ಸೋದರಸೊಸೆಯ ಎದುರು ಕುಕ್ಕರುಗಾಲಲ್ಲಿ ಕೂತ ಆ ಹಿರಿಯರು ಬಟ್ಟೆ ಸರಿಸುತ್ತಾರೆ. ಒಳಗೆ ಉಜ್ಜಿ ತೊಳೆದ ಪಾನಾ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಊಟ ಬಡಿಸುವವರ ಹಾಗೆ ಮುಂದೆ ಚಾಚುತ್ತಾರೆ.